ನನ್ನ ಗಿಟಾರಿಸ್ಟನಿಗೆ ಕಸ್ಬಾದಲ್ಲೊಬ್ಬ ಅಭಿಮಾನಿ

ಯಾರಿಗೂ ಗೊತ್ತಿಲ್ಲದ ಕಲಾವಿದನನ್ನು ಹಚ್ಚಿಕೊಂಡವನಿಗೆ ಒಂದಲ್ಲ ಒಂದು ಪೇಚು ತಪ್ಪಿದ್ದಲ್ಲ. ಯಾರೂ ಮೆಚ್ಚುವುದಿಲ್ಲವಲ್ಲ ಎಂದು ಒಂದು ಸಂಕಟ, ಯಾರಾದರೂ ಮೆಚ್ಚಿಬಿಟ್ಟರೆ ಇನ್ನೊಂದು. ಕಲ್ಕತ್ತೆಯಲ್ಲಿ ಬ್ಯಾಂಕ್ ನೌಕರಿ ಮಾಡಿದಷ್ಟು ವರ್ಷವೂ ನಾನು ಎರಡನ್ನೂ ಅನುಭವಿಸಿದೆ. ಉರಿ ಜಾಸ್ತಿ ಎರಡನೆಯದರದ್ದೇ.

ನಮ್ಮವನು ವಿಲಾಯಿತಿಯ ರಾಕ್ ಗಿಟಾರಿಸ್ಟ್. ಮೊದಲು ದೊಡ್ಡ ಬ್ಯಾಂಡೊಂದರ ಮೂಲೆಯಲ್ಲಿ ನಿಂತು ಬಾರಿಸುತ್ತಿದ್ದ. ಫೋಟೋಗಳಲ್ಲಿ ಅವನ ಅರ್ಧ ಮುಖ ಹಾಡುಗಾರನ ಕೂದಲ ಹಿಂದೆ ಇರುತ್ತಿತ್ತು. ಅದನ್ನು ಬಿಟ್ಟು ಬಂದು ಸ್ವಂತ ಹೆಸರಿನಲ್ಲಿ ಎರಡು ಆಲ್ಬಂ ಮಾಡಿದ, ಯಾರೂ ಕೊಳ್ಳಲಿಲ್ಲ. ಆಮೇಲಿನವು ಚೆನ್ನಾಗಿ ಓಡಿದವಂತೆ, ಅವು ನನಗೆ ಬೇಡ. ಆ ಮೊದಲ ಎರಡರಲ್ಲಿ ಬೆರಳು ಓಡಿಸಿ ತೋರಿಸುವ ಚಪಲವೇ ಇಲ್ಲ. ಒಂದು ಸ್ವರ ಹಿಡಿದರೆ ಅದು ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಕಾಯುತ್ತಾನೆ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾನೆ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಕೇಳುತ್ತೀರಿ.

ಮೂರನೆಯವನು

ಮೊದಲನೇ ಆಲ್ಬಂ ಸಿಕ್ಕಿದ್ದು ಸಿಯಾಲ್ದಾದಲ್ಲಿ, ಸ್ಟೇಷನ್ನಿನ ಹೊರಗೆ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಗೋಣಿಯ ಮೇಲೆ ಹರಡಿ ಕೂರುತ್ತಿದ್ದ ಮುದುಕನ ಹತ್ತಿರ. ಮನೆಗೆ ತಂದು ಕೇಳಿದೆ, ಮರುಳಾದೆ. ಮರುದಿನ ಓಡಿ ಹೋಗಿ ಇವನದ್ದು ಇನ್ನೊಂದು ಉಂಟಾ ಎಂದು ವಿಚಾರಿಸಿದೆ.

"ಇಲ್ಲ ದಾದಾ, ಬಂದರೆ ತೆಗೆದಿಡುತ್ತೇನೆ. ಅಂದಹಾಗೆ ಅದನ್ನು ಕೊಂಡವರಲ್ಲಿ ನೀವು ಮೂರನೆಯವರು" ಎಂದ.

ನನಗೆ ತಟ್ಟನೆ ಹೊಟ್ಟೆಯಲ್ಲಿ ಕಿಚ್ಚು. ನನಗಿಂತ ಮೊದಲು ಇಬ್ಬರು ಇವನನ್ನು ಕೇಳಿದ್ದಾರೆ ಅಂದರೆ ಏನರ್ಥ? "ಯಾರು ಅವರು? ಎಲ್ಲಿಯವರು?" ಎಂದು ಪೊಲೀಸಿನವರ ಹಾಗೆ ಕೇಳಿದೆ.

ಮುದುಕ ಸಮಾಧಾನವಾಗಿ ಹೇಳಿದ: "ಹೆದರಬೇಡಿ ದಾದಾ. ಇಬ್ಬರೂ ಮರುದಿನವೇ ವಾಪಸ್ ತಂದರು. ನೀವೂ ಅದಕ್ಕೇ ಬಂದಿರಿ ಅಂದುಕೊಂಡೆ."

ಸನ್ನೆ

ಎರಡನೇ ಆಲ್ಬಂ ಇದ್ದದ್ದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಧಾರವಾಡದ ಮೇಷ್ಟ್ರೊಬ್ಬರ ಹತ್ತಿರ. ಅವರು ಕೆಲಸ ಬಿಟ್ಟು ಊರಿಗೆ ಹೊರಡುವ ಹಿಂದಿನ ದಿನ ನನಗದು ತಿಳಿಯಿತು. ಕಾಲು ಹಿಡಿಯುವುದೊಂದು ಬಾಕಿ.

"ಒಯ್ರಿ. ಆದ್ರ ಸಂಜಿ ಐದಕ್ಕ ಪ್ಲೇಟ್ ನನ್ನ ಪೆಟ್ಟಿಗ್ಯಾಗ ಇರಬೇಕ್ ನೋಡ್ರಿ" ಎಂದರು.

ಬಾಲಿಗಂಜಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅದಕ್ಕೆ ರೆಕಾರ್ಡ್ ಪ್ಲೇಯರ್ ಚುಚ್ಚಿದೆ. ಟೇಪ್ ರೆಕಾರ್ಡರಿಗೆ ಸೆಲ್ ಹಾಕಿ ಸ್ಪೀಕರಿನ ಮುಂದೆ ಇಟ್ಟೆ. ಇನ್ನು ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ ಎಂದು ಆಜ್ಞೆ ಮಾಡಿದೆ.

"ಹುರುಳಿ ಒಲೆಯ ಮೇಲಿದೆ. ಅರೆಬೆಂದದ್ದನ್ನು ಇಳಿಸಿದರೆ ನೀವು ತಿನ್ನುತ್ತೀರಾ?" ಎಂದಳು ಹೆಂಡತಿ.

ಎರಡನೇ ಬದಿಯ ಕೊನೆಯ ಹಾಡಿಗೆ ಸರಿಯಾಗಿ ಕುಕ್ಕರ್ ಮೂರು ಸಲ ಕೂಗಿತು. ಹಲ್ಲು ಕಚ್ಚಿ ಕೂತೆ. ಅದಾದ ಮೇಲೆ ಬಂತು ನೋಡಿ ಆ ಜಾಗ. ಗಿಟಾರಿನ ಸ್ವರ ಮೆಲ್ಲಗೆ, ತೀರಾ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋಗಿ, ಬಿಕ್ಕಿದಂತಾಗಿ, ಮತ್ತೆ ಹತ್ತಿ ಬಂತು. ನನ್ನ ಕಣ್ಣಲ್ಲಿ ನೀರು. ಆಗಲೇ ಹೆಂಡತಿ ಬಾಗಿಲಿಗೆ ಬಂದು ಏನೋ ಹೇಳಲು ಬಾಯಿ ತೆರೆದಳು. ನಾನು ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಕೆಂಪಗೆ ಮಾಡಿ ಸನ್ನೆ ಮಾಡಿದೆ. ಅವಳು ತಲೆ ಚಚ್ಚಿಕೊಂಡು ಒಳಗೆ ಹೋದಳು.

ಪ್ಲೇಟು ಐದಕ್ಕೆ ಪೆಟ್ಟಿಗೆ ಸೇರಿತು. ಹುರುಳಿ ಮಾತ್ರ ಚೆನ್ನಾಗಿ ಬೆಂದಿತ್ತು.

ಎಚ್ಚರವಿದ್ದವರು

ಇಂಥದ್ದು ಕೈಗೆ ಸಿಕ್ಕಿದ ಮೇಲೆ ಸುಮ್ಮನಿರಲು ಆಗುತ್ತದಾ? ಒಂದು ಭಾನುವಾರ ಬ್ಯಾಂಕಿನ ನಮ್ಮ ಊರ ಕಡೆಯವರನ್ನೆಲ್ಲ ತಿಂಡಿಗೆ ಕರೆದು ಕ್ಯಾಸೆಟ್ ಹಾಕಿದೆ. ನೀರ್‌ದೋಸೆ ಹೊಟ್ಟೆಗೆ ಇಳಿದಿತ್ತು. ಮೊದಲ ಹಾಡು ಮುಗಿಯುವಷ್ಟರಲ್ಲಿ ಅರ್ಧ ಜನ ಗೋಡೆಗೆ ಒರಗಿದ್ದರು. ಆ ಇಳಿಯುವ ಜಾಗ ಬಂದಾಗ, "ಇಲ್ಲಿ ಅವನು ಅಳುತ್ತಾನೆ, ಗಮನಿಸಿ" ಎಂದು ಘೋಷಿಸಿದೆ. ಗೊರಕೆ ಕೇಳಿತು.

ಮೂಲೆಯಲ್ಲಿ ಒಬ್ಬರು ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕುಂದಾಪುರದ ಕಡೆಯವರು, ನಮ್ಮದೇ ಬ್ಯಾಂಕು, ಬೇರೆ ಬ್ರಾಂಚು, ಮನೆ ಕಲ್ಕತ್ತೆಯದೇ ಕಸ್ಬಾ ಬಡಾವಣೆಯಲ್ಲಿ. ಕಸ್ಬಾದವರು ಎಂದೇ ಕರೆಯೋಣ.

"ಎಂತ ಮಾರಾಯ್ರೆ ಇದು! ಇಷ್ಟು ದಿನ ಎಲ್ಲಿ ಅಡಗಿಸಿ ಇಟ್ಟಿದ್ರಿ? ಒಂದು ವಾರದ ಮಟ್ಟಿಗೆ ಕೊಡಿ" ಎಂದರು.

ಎಲ್ಲರೆದುರು ಇಲ್ಲ ಎನ್ನಲಾಗದೆ, ಕಾಪಿ ಮಾಡಬಾರದು ಎಂದು ಮಾತು ತೆಗೆದುಕೊಂಡು ಕೊಟ್ಟೆ. ಉಳಿದವರು ನಿದ್ದೆ ಮಾಡಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ಇವರು ಎಚ್ಚರವಿದ್ದದ್ದಕ್ಕೆ ವಾರವಿಡೀ ನಿದ್ದೆ ಬರಲಿಲ್ಲ.

ಯಾರ ಮನೆಯ ಕುಕ್ಕರ್

ತಿಂಗಳು ಕಳೆದ ಮೇಲೆ ಕಸ್ಬಾದವರ ಮನೆಗೆ ನಾವಿಬ್ಬರೂ ಊಟಕ್ಕೆ ಹೋದೆವು. ಒಳಗೆ ಕಾಲಿಡುವಾಗಲೇ ನಮ್ಮವನ ಗಿಟಾರ್ ಕೇಳುತ್ತಿದೆ.

"ಕಾಪಿ ಮಾಡಿದಿರಾ?"

"ಛೆ ಛೆ, ನಿಮಗೆ ಮಾತು ಕೊಟ್ಟಿದ್ದೇನಲ್ಲ. ಇದು ಬೊಂಬಾಯಿಯ ಭಾವ ಕಳಿಸಿದ್ದು. ಅವರದ್ದು ಭಾರೀ ಒಳ್ಳೇ ರೆಕಾರ್ಡಿಂಗ್."

ನಾನು ಕೂತು ಕಾದೆ. ಕೊನೆಯ ಹಾಡು ಬಂತು. ಕುಕ್ಕರ್ ಕೂಗಿತು, ಒಂದು, ಎರಡು. ಮೂರನೆಯದಕ್ಕೆ ಕಸ್ಬಾದವರ ಹೆಂಡತಿ ಒಲೆ ಆರಿಸಲು ಎದ್ದು ಓಡಿದರು.

ಕಸ್ಬಾದವರು ಕಿಟಕಿಯ ಹೊರಗೆ ನೋಡತೊಡಗಿದರು. ಬಸ್ಸಿನಲ್ಲಿ ಬರುವಾಗ ನಾನು ದ್ರೋಹ, ವಿಶ್ವಾಸಘಾತ ಎಂದೆಲ್ಲ ಗೊಣಗುತ್ತಿದ್ದರೆ ಹೆಂಡತಿ ಹೇಳಿದಳು: "ನಿಮ್ಮ ಗಿಟಾರಿನದ್ದು ಗೊತ್ತಿಲ್ಲ. ನನ್ನ ಕುಕ್ಕರಿಗಂತೂ ಹೆಸರು ಬಂತು."

ಮಡಿಲ ಮೇಲೆ

ಕಲ್ಕತ್ತೆಯಲ್ಲಿ ಆಗ ಮನೆಮನೆಯಲ್ಲೂ ಹವಾಯಿಯನ್ ಗಿಟಾರ್ ಕಲಿಯುವವರು. ಅದನ್ನು ಮಡಿಲ ಮೇಲೆ ಅಡ್ಡ ಮಲಗಿಸಿ, ಕೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದು. ಕಸ್ಬಾದವರೂ ಗುಟ್ಟಾಗಿ ಒಬ್ಬ ಬಂಗಾಳಿ ಮಾಸ್ತರರ ಹತ್ತಿರ ಕಲಿತರು.

ನಮ್ಮ ಊರ ಕಡೆಯವರ ಗಣೇಶ ಚೌತಿಯ ಕಾರ್ಯಕ್ರಮದಲ್ಲಿ ಪಂಚೆ ಉಟ್ಟು ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮವನ ಆ ಹಾಡನ್ನೇ ಎತ್ತಿಕೊಂಡರು. ಇಳಿಯುವ ಜಾಗ ಬಂದಾಗ ಉಕ್ಕಿನ ತುಂಡನ್ನು ಹೇಗೆ ಜಾರಿಸಿದರು ಎಂದರೆ, ಸುಳ್ಳೇಕೆ ಹೇಳಲಿ, ನನ್ನ ರೋಮ ನಿಂತಿತು. ಮೈಯೂ ಉರಿಯಿತು. ಸಭೆಯೇ ಚಪ್ಪಾಳೆ ಹೊಡೆಯಿತು. ಅಂದು ನನ್ನ ಮನೆಯಲ್ಲಿ ಗೊರಕೆ ಹೊಡೆದವರೇ ಮುಂದಿನ ಸಾಲಿನಲ್ಲಿದ್ದರು.

ಅವರಲ್ಲೊಬ್ಬರು ನನ್ನ ಭುಜ ತಟ್ಟಿ ಹೇಳಿದರು: "ಕೇಳಿದ್ರಾ? ನಿಮಗೂ ಇಂಥದ್ದರಲ್ಲಿ ಸ್ವಲ್ಪ ಆಸಕ್ತಿ ಉಂಟಲ್ಲ."

ಕಾಗದ

ನಮ್ಮವನಿಗೆ ಕಾಗದ ಬರೆಯಬೇಕೆಂದು ನಾನು ವರ್ಷಗಳಿಂದ ಕೂತಿದ್ದೆ. ಬ್ಯಾಂಕಿನ ಕೈ, ಏನು ಬರೆದರೂ "ಮೇಲ್ಕಂಡ ವಿಷಯವಾಗಿ ತಮ್ಮ ಗಮನಕ್ಕೆ ತರುವುದೇನೆಂದರೆ" ಎಂದೇ ಶುರುವಾಗುತ್ತಿತ್ತು. ಹರಿದು ಹಾಕುತ್ತಿದ್ದೆ.

ಕಸ್ಬಾದವರು ಒಂದೇ ಏಟಿಗೆ ಬರೆದು, ರೆಕಾರ್ಡ್ ಕಂಪನಿಯ ವಿಳಾಸಕ್ಕೆ ಹಾಕಿಯೇಬಿಟ್ಟರು. ಉತ್ತರವೂ ಬಂತು, ಅವನದೇ ಕೈಬರಹ. "ಇಷ್ಟು ವರ್ಷದಲ್ಲಿ ಆ ಇಳಿಯುವ ಜಾಗದ ಬಗ್ಗೆ ಬರೆದವರು ನೀವೊಬ್ಬರೇ. ನಾನು ಹಾಗೆ ಬಾರಿಸಿದ್ದು ನನಗೇ ನೆನಪಿಲ್ಲ. ನನಗಿಂತ ಚೆನ್ನಾಗಿ ಕೇಳಿದ್ದೀರಿ."

ಕಸ್ಬಾದವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕಂಡುಹಿಡಿದವನು ನಾನು, ಕೂತು ಟೇಪಿಗೆ ಇಳಿಸಿದವನು ನಾನು, ಆ ಜಾಗದಲ್ಲಿ ಮೊದಲು ಅತ್ತವನೂ ನಾನು. ಪತ್ರ ಮಾತ್ರ ಅವರಿಗೆ. ಆವತ್ತು ಊಟ ಸೇರಲಿಲ್ಲ.

"ದೇವರ ಪಟದ ಪಕ್ಕದಲ್ಲೇ ಹಾಕಿದ್ದಾರೆ" ಎಂದೆ ಹೆಂಡತಿಗೆ.

"ಪಕ್ಕದಲ್ಲಲ್ಲ, ಸ್ವಲ್ಪ ಮೇಲೆ" ಎಂದಳು.

ಒರಿಜಿನಲ್

ಕೊನೆಗೆ ಸಿಯಾಲ್ದಾದ ಮುದುಕ ಮಾತು ಉಳಿಸಿಕೊಂಡ. ಎರಡನೇ ಆಲ್ಬಮ್ಮಿನ ಅಸಲು ಪ್ಲೇಟು ನನ್ನ ಕೈ ಸೇರಿತು. ಮನೆಗೆ ಬಂದು ಕೊನೆಯ ಹಾಡು ಹಾಕಿ ಕಣ್ಣು ಮುಚ್ಚಿ ಕೂತೆ.

ಇಳಿಯುವ ಜಾಗ ಬರಲೇ ಇಲ್ಲ. ಗಿಟಾರ್ ನೆಟ್ಟಗೆ ಹೋಗಿ ನೆಟ್ಟಗೆ ಮುಗಿಯಿತು. ಮೂರು ಸಲ ಹಾಕಿದೆ. ಇಲ್ಲ.

"ಇದರಲ್ಲಿ ಅವನು ಅಳುವುದೇ ಇಲ್ಲವಲ್ಲೇ!"

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಅವತ್ತು ಕರೆಂಟ್ ಡಿಮ್ಮಾಗಿತ್ತು. ಫ್ಯಾನು ನಿಂತೇಹೋಗುವ ಹಾಗಿತ್ತು, ನಿಮ್ಮ ಪ್ಲೇಟೂ ನಿಧಾನ ಆಯಿತು. ಅದನ್ನೇ ಹೇಳಲು ಬಂದೆ. ನೀವು ಬಾಯಿ ಮುಚ್ಚು ಅಂತ ಸನ್ನೆ ಮಾಡಿದಿರಿ."

ಅಂದರೆ ನಾನು ಇಷ್ಟು ವರ್ಷ ಹೊಗಳಿದ್ದು ಬಾಲಿಗಂಜಿನ ವೋಲ್ಟೇಜನ್ನು. ಒಂದು ಗಳಿಗೆ ನಾಚಿಕೆಯಾಯಿತು. ಮರುಗಳಿಗೆ ಕಸ್ಬಾದ ಗೋಡೆ ನೆನಪಾಗಿ ಎಂಥಾ ಆನಂದವಾಯಿತೆಂದರೆ ಹೇಳಲಾರೆ. ನನ್ನ ಮಾನವೂ ಹೋಗುತ್ತದೆ, ಹೋಗಲಿ, ಅವರದ್ದು ಮೊದಲು ಹೋಗಲಿ. ಪ್ಲೇಟನ್ನು ಕಂಕುಳಲ್ಲಿ ಹಿಡಿದು ಹೊರಟೆ. ಜಗಳ ಬಿಡಿಸಲು ಜನ ಬೇಕಲ್ಲ ಎಂದು ಹೆಂಡತಿಯೂ ಬಂದಳು. ದಾರಿಯಲ್ಲಿ ಕೆಂಪು ಬಾವುಟಗಳ ಮೆರವಣಿಗೆ, ಬಸ್ಸು ಒಂದು ಗಂಟೆ ನಿಂತಿತು. ನನ್ನ ಹುರುಪು ಇಳಿಯಲಿಲ್ಲ.

"ಒರಿಜಿನಲ್ ಸಿಕ್ಕಿತಾ ಮಾರಾಯ್ರೆ?" ಎಂದು ಕಸ್ಬಾದವರು ಪ್ಲೇಟನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡು ತಮ್ಮ ಪ್ಲೇಯರಿಗೆ ಹಾಕಿದರು. "ಆ ಜಾಗ ಸರಿಯಾಗಿ ಕೇಳಿ" ಎಂದೆ ನಾನು, ಎದೆ ಸೆಟೆದು.

ಕೊನೆಯ ಹಾಡು ಬಂತು. ಕುಕ್ಕರ್ ಕೂಗಬೇಕಾದಲ್ಲಿ ಕೂಗಲಿಲ್ಲ. ಆ ಜಾಗ ಹತ್ತಿರ ಬಂತು. ನನ್ನ ತಲೆಯ ಮೇಲೆ ಗಾಳಿ ಕಮ್ಮಿಯಾದಂತೆ ಅನಿಸಿ ಕತ್ತೆತ್ತಿದೆ. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾಗಿತ್ತು. ಗಿಟಾರ್ ಮೆಲ್ಲಗೆ, ತೀರಾ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋಗಿ, ಬಿಕ್ಕಿ, ಮತ್ತೆ ಹತ್ತಿ ಬಂತು. ಫ್ಯಾನೂ ಜೋರಾಯಿತು.

ನಾನು ಫ್ಯಾನಿನತ್ತ ಕೈ ತೋರಿಸಿ ಬಾಯಿ ತೆರೆದೆ. ಎದುರಿಗೆ ಕೂತಿದ್ದ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಕೆಂಪಗೆ ಮಾಡಿ ಸನ್ನೆ ಮಾಡಿದಳು.

ಕಸ್ಬಾದವರು ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಒರಿಜಿನಲ್ ಒರಿಜಿನಲ್ಲೇ ಮಾರಾಯ್ರೆ. ನಿಮ್ಮ ಕ್ಯಾಸೆಟ್ಟಿನಲ್ಲಿ ಅವನು ಇಷ್ಟು ಅಳುವುದಿಲ್ಲ."