ಓಣಿಯ ಆ ತುದಿಯ ಟ್ರ್ಯಾಕ್ಟರ್

ಕೊಳ್ಳುವ ವಸ್ತುವಿಗಿಂತ ಅದರ ವಿಚಾರಣೆಯಲ್ಲೇ ಹೆಚ್ಚು ಸುಖ ಕಾಣುವ ಜನರಿದ್ದಾರೆ. ನಾನು ಆ ಪೈಕಿ. ಹಿಂದೊಮ್ಮೆ ಮಿಕ್ಸಿ ಆರಿಸಲು ಮೂರು ತಿಂಗಳು ತೆಗೆದುಕೊಂಡಿದ್ದೆ. ಅಷ್ಟೂ ದಿನ ನಮ್ಮ ಮನೆಯಲ್ಲಿ ಚಟ್ನಿಯೇ ಆಗಲಿಲ್ಲ. ಅಂಥವನ ಕೈಗೆ ಟ್ರ್ಯಾಕ್ಟರ್ ಆರಿಸುವ ಕೆಲಸ ಬಂದರೆ ಹೇಗಿರಬೇಡ!

ಕೊರೋನಾ ಕಾಲದಲ್ಲಿ ಆಫೀಸಿನವರು ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದದ್ದೇ ತಡ, ಜಪಾನಿನ ರಾಜಧಾನಿಯ ಫುನಾಬೊರಿ ಬಡಾವಣೆಯ ಬೆಂಕಿಪೊಟ್ಟಣದಂಥ ಫ್ಲ್ಯಾಟು ಬಿಟ್ಟು ನೀಗಾತಾ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡ ಮನೆ ಹಿಡಿದೆವು. ಹಿಮ ಬೀಳುತ್ತದೆಂದು ಗೊತ್ತಿತ್ತು; ಕಿಟಕಿಯವರೆಗೆ ಎದ್ದು ಬಂದು ಮನೆಯೊಳಗೆ ಇಣುಕುತ್ತದೆಂದು ಯಾರೂ ಹೇಳಿರಲಿಲ್ಲ. ರಸ್ತೆಯಿಂದ ಒಳಗೆ ಬರುವ ನಮ್ಮ ಓಣಿಯಲ್ಲಿ ಇದ್ದದ್ದು ಎರಡೇ ಮನೆ. ಇನ್ನೊಂದು ಎಂಬತ್ತು ದಾಟಿದ ನಾಕಾಮುರಾ-ಸಾನ್ ಅವರದು. ಮೊದಲ ಚಳಿಗಾಲವಿಡೀ ನಾವು ಏಳುವ ಮೊದಲೇ ಆ ಅಜ್ಜಿ ನಮ್ಮ ಪಾಲಿನ ಹಿಮವನ್ನೂ ಎತ್ತಿಹಾಕಿಬಿಡುತ್ತಿದ್ದರು. ನಾಚಿಕೆ ತಡೆಯಲಾರದೆ ಕೇರಿಯ ಸಭೆಯಲ್ಲಿ ಎದ್ದು ನಿಂತು, “ಮುಂದಿನ ಸಲ ಓಣಿ ನನ್ನ ಜವಾಬ್ದಾರಿ, ಟ್ರ್ಯಾಕ್ಟರ್ ತರುತ್ತೇನೆ” ಎಂದು ಮಾತು ಕೊಟ್ಟುಬಿಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಎಕ್ಸೆಲ್ ಶೀಟು. ಪುಟ್ಟ ಟ್ರ್ಯಾಕ್ಟರಿಗೂ ಒಡವೆ ಒಂದೆರಡಲ್ಲ: ಮುಂದೆ ಅಲಗು ಕಟ್ಟಿದರೆ ಹಿಮವನ್ನು ತಳ್ಳುತ್ತದೆ, ಬಕೆಟ್ ಕಟ್ಟಿದರೆ ಬಾಚಿ ಹೊತ್ತೊಯ್ಯುತ್ತದೆ, ರೋಟರಿ ಕಟ್ಟಿದರೆ ಕಾರಂಜಿಯಂತೆ ದೂರಕ್ಕೆ ಚಿಮ್ಮಿಸುತ್ತದೆ. ನನಗೆ ರೋಟರಿಯ ಮೇಲೆ ಮನಸ್ಸು. ಅಂಗಡಿಯವರು ನನ್ನ ಶೀಟನ್ನು ಭಕ್ತಿಯಿಂದ ನೋಡಿ, “ಎಲ್ಲ ಇದೆ. ಹಿಮವನ್ನು ಎಲ್ಲಿ ಹಾಕುತ್ತೀರಿ?” ಎಂದರು. ಆ ಕಾಲಮ್ಮೇ ಇರಲಿಲ್ಲ!

“ರೀ, ರೋಟರಿ ತಂದ್ರೆ ಎಲ್ಲಾ ಹೋಗಿ ಅಜ್ಜಿ ಮನೆ ಗಾಜಿಗೇ ಬೀಳತ್ತೆ. ಅದಕ್ಕಿಂತ ಅವರೇ ಎತ್ಕೊಂಡ್ರೆ ವಾಸಿ,” ಎಂದಳು ನನ್ನ ಹೆಂಡತಿ ಸುಧಾ.

ಕೊನೆಗೆ ಬಕೆಟ್ಟೇ ಗೆದ್ದಿತು. ಓಣಿಯ ಆ ತುದಿ ರಸ್ತೆಗೆ ಸೇರುವಲ್ಲಿ ಖಾಲಿ ಗದ್ದೆಯೊಂದಿತ್ತು. ಹಿಮ ಸುರಿಯಲು ಅಲ್ಲಿ ಒಪ್ಪಿಗೆ ಪಡೆದೆ. ಕೆಲಸದ ಜಾಗದಲ್ಲೇ ಇರಲಿ, ಅಜ್ಜಿಗೆ ಸದ್ದಿನ ಕಾಟವೂ ಬೇಡ ಎಂದು ಟ್ರ್ಯಾಕ್ಟರನ್ನೂ ಅಲ್ಲೇ ನಿಲ್ಲಿಸಿ, ಟಾರ್ಪಾಲು ಹೊದಿಸಿ ಬಂದೆ.

ನಾಕಾಮುರಾ-ಸಾನ್‌ಗೆ ಮುಂದಿನ ಚಳಿಗಾಲದಲ್ಲಿ ಒಂದು ದಿನ ಕೊರೋನಾದ ಮೂರನೆಯ ಲಸಿಕೆ ಇತ್ತು. ಅಂದು ಒಂಬತ್ತಕ್ಕೆ ಅವರನ್ನು ಕರೆದೊಯ್ಯಲು ಊರಾಡಳಿತದ ಗಾಡಿ ರಸ್ತೆಗೆ ಬರುವುದಿತ್ತು. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಓಣಿ ತುಂಬ ಸೊಂಟದ ಮಟ್ಟ ಹಿಮ. ಹಿಮ ತೆಗೆಯಲು ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರ್ ಮುಟ್ಟಲು ಹಿಮ ತೆಗೆಯಬೇಕು. ನಾನು ಬಾಗಿಲಲ್ಲೇ ನಿಂತೆ.

“ಅಷ್ಟು ತಿಂಗಳು ಯೋಚನೆ ಮಾಡಿ ಅದನ್ನ ಅಲ್ಲಿ ನಿಲ್ಸಿದ್ರಾ?” ಎಂದಳು ಸುಧಾ, ಬೂಟು ಏರಿಸುತ್ತ.

ಅಷ್ಟರಲ್ಲಿ ಅಜ್ಜಿ ಎರಡು ಸಲಿಕೆ ಹಿಡಿದು ಬಂದರು. “ಕುಮಾರ್-ಸಾನ್, ಪಾಪ ಟ್ರ್ಯಾಕ್ಟರ್ ಕಾಯುತ್ತಿರುತ್ತದೆ. ಬನ್ನಿ, ಹೋಗಿ ಕರೆತರೋಣ.”

ನಮ್ಮ ಮನೆಯ ಸಲಿಕೆಯೊಂದೂ ಸೇರಿ ಮೂವರೂ ಅಗೆದೆವು. ಮುಂದೆ ಅಜ್ಜಿ, ಹಿಂದೆ ಸುಧಾ, ಅವರಿಬ್ಬರ ಹಿಂದೆ ಹತ್ತು ಹೆಜ್ಜೆಗೊಮ್ಮೆ ಸೊಂಟ ಹಿಡಿದುಕೊಳ್ಳುವ ನಾನು. ಒಂಬತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ರಸ್ತೆ ಮುಟ್ಟಿದೆವು. ಗಾಡಿ ಬಂದು ನಿಂತಿತು. ಮಾಸ್ಕ್ ತೊಟ್ಟ ಚಾಲಕ ಇಳಿದು ಓಣಿಯತ್ತ ನೋಡಿ, “ಎಂಥ ಚೊಕ್ಕ ದಾರಿ! ಟ್ರ್ಯಾಕ್ಟರ್ ತಂದದ್ದು ಸಾರ್ಥಕವಾಯಿತು” ಎಂದ.

“ಹೌದು, ಕುಮಾರ್-ಸಾನ್ ಮಾತು ಕೊಟ್ಟರೆ ಕೊಟ್ಟ ಹಾಗೆ,” ಎನ್ನುತ್ತ ಅಜ್ಜಿ ಕೋಟಿನ ಹಿಮ ಕೊಡವಿಕೊಂಡು ಗಾಡಿ ಹತ್ತಿದರು.

ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರ್ ಹಿಮದಡಿ ಇನ್ನೂ ಸುಖವಾಗಿ ಮಲಗಿತ್ತು. ನಾನು ಚಾಲಕನಿಗೂ ಅಜ್ಜಿಗೂ ಆಳವಾಗಿ ತಲೆಬಾಗಿದೆ. ಜಪಾನಿನಲ್ಲಿ ಇದೊಂದು ದೊಡ್ಡ ಅನುಕೂಲ: ವಿನಯಕ್ಕೂ ನಾಚಿಕೆಗೂ ಅದೇ ಬಾಗು ಸಾಕಾಗುತ್ತದೆ.