ನಾನು ಹೊಲಿಸಿದ ರವಿಕೆ ಕಣ

ತಪ್ಪು ಮಾಡಿದವರು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನ್ನ ಮನಸ್ಸು ಭಾರವಾಗಿಯೇ ಇರಲಿ, ನಾನು ಒಪ್ಪಿಕೊಳ್ಳುವುದಿಲ್ಲ. ಪೋಲೆಂಡಿನಲ್ಲಿ ಹುಟ್ಟಿದ ನಾನು ಪಾಂಡವಪುರಕ್ಕೆ ಸೊಸೆಯಾಗಿ ಬಂದು ಆರು ವರ್ಷವಾಯಿತು. ಈ ಊರಿನ ಬಿಸಿಲಿಗೆ, ಉಪ್ಸಾರಿನ ಖಾರಕ್ಕೆ, ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದವರು ತಮ್ಮ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿಬಿಡುವ ಸಲುಗೆಗೆ, ಎಲ್ಲಕ್ಕೂ ಸಂತೋಷದಿಂದ ಸೋತಿದ್ದೇನೆ. ರವಿಕೆ ಕಣದ ವಿಷಯದಲ್ಲಿ ಮಾತ್ರ ಸೋಲಲಿಲ್ಲ.

ಇಲ್ಲಿ ಯಾರ ಮನೆಗೆ ಹೋದರೂ ಹೊರಡುವಾಗ ಹೆಂಗಸರಿಗೆ ಕುಂಕುಮ ಇಟ್ಟು, ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ ಕೊಡುತ್ತಾರೆ. ಮೊದಲ ಸಲ ಸಿಕ್ಕಾಗ ನನ್ನ ಕಣ್ಣು ತುಂಬಿತ್ತು. ನಮ್ಮ ಕಡೆ ಕಾಫಿ ಕೊಟ್ಟವರು ಬಟ್ಟೆ ಕೊಡುವುದಿಲ್ಲ. ಹಾಗೆ ಬಂದವನ್ನೆಲ್ಲ ಅತ್ತೆ ಜಯಮ್ಮ ಬೀರುವಿನಲ್ಲಿ ಇಡುತ್ತಿದ್ದರು. ಬಂದುಹೋಗುವವರಿಗೆ ಅದರಿಂದಲೇ ಒಂದನ್ನು ಎತ್ತಿ ಕೊಡುತ್ತಾರೆ ಎಂಬುದನ್ನು, ದೇವರಾಣೆ, ಆ ಮೊದಲ ವರ್ಷ ನಾನು ಗಮನಿಸಿರಲಿಲ್ಲ. ಎದುರು ಮನೆಯ ಪುಟ್ಟತಾಯಮ್ಮ ಕೊಟ್ಟಿದ್ದ ಗಿಳಿಹಸಿರು ಕಣವನ್ನು ಹಿಡಿದುಕೊಂಡು ಟೈಲರ್ ಹತ್ತಿರ ಹೋದೆ. ಆತ ಅದನ್ನು ಬೆಳಕಿಗೆ ಹಿಡಿದು, ಅದರೊಳಗಿಂದಲೇ ನನ್ನ ಮುಖ ನೋಡಿದ. "ಮೇಡಂ, ಇದು ಕೊಡಾಕೆ ಇರಾ ಬಟ್ಟೆ. ಇದ್ನ ಯಾರೂ ಒಲಿಸಾಕಿಲ್ಲ" ಎಂದ. ನನ್ನ ಎತ್ತರಕ್ಕೆ ತೋಳಿಗೆ ಬಟ್ಟೆ ಸಾಲದು ಎಂದೂ ಹೇಳಿದ. ನಾನು ಬಿಡುತ್ತೇನೆಯೇ? ಮನೆಯಿಂದ ಕೆಂಪು ಕಣವೊಂದನ್ನು ತಂದು ತೋಳು ಇಡಿಸಿದೆ.

ಪುಟ್ಟತಾಯಮ್ಮನ ಮೊಮ್ಮಗಳ ನಾಮಕರಣದ ಬೆಳಿಗ್ಗೆ ಅದನ್ನು ತೊಟ್ಟು ಹೊರಗೆ ಬಂದಾಗ ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ, ಒಲಿಸ್ಬುಟ್ಯಾ? ಬಿಚ್ಚಾಕವ್ವ! ಬೀದಿಯೋರೆಲ್ಲ ನಗ್ತಾರೆ, ನಾನು ತಲೆ ಎತ್ಕಂಡು ತಿರುಗಂಗಿಲ್ಲ!" ನನಗೆ ರೋಷ ಬಂತು. ಕೊಟ್ಟದ್ದನ್ನು ತೊಟ್ಟರೆ ನಗುತ್ತಾರಾದರೆ, ಕೊಡುವುದಾದರೂ ಯಾಕೆ? ಇವತ್ತು ಬಿಚ್ಚಿದರೆ ನಾನು ಈ ಬೀದಿಯ ಸೊಸೆಯಾಗುವುದಿಲ್ಲ, ಸಾಯುವ ತನಕ ಬಂದುಹೋಗುವ ಅತಿಥಿಯಾಗಿಯೇ ಉಳಿಯುತ್ತೇನೆ. "ಬಿಚ್ಚಾಕಿಲ್ಲ ಅತ್ತೆ" ಎಂದು ಹೊರಟೇಬಿಟ್ಟೆ. ಅವರು ಮುಖ ಊದಿಸಿಕೊಂಡು ಹಿಂದೆ ಬಂದರು.

ನನ್ನನ್ನು ಕಂಡು ಶಾಮಿಯಾನದಡಿ ಕುಳಿತಿದ್ದವರು ಒಬ್ಬರನ್ನೊಬ್ಬರು ತಿವಿದು ರವಿಕೆ ತೋರಿಸಿಕೊಂಡರು. ಪುಟ್ಟತಾಯಮ್ಮ ಬಂದು ನನ್ನ ಬೆನ್ನು ಸವರಿ, "ಇದ್ನ ನಂಗೆ ಬೆಳಗೊಳದ ನಾದ್ನಿ ಕೊಟ್ಟಿದ್ಲಲ್ವಾ?" ಎಂದರು. ಅಲ್ಲೇ ಕುಳಿತಿದ್ದ ಆ ನಾದಿನಿ, "ನಂಗೆ ಜಯಕ್ಕನೇ ಕೊಟ್ಟಿದ್ದು ಕಣತ್ತಿಗೆ!" ಎಂದಳು. ಎಲ್ಲರೂ ನನ್ನ ಅತ್ತೆಯ ಕಡೆ ತಿರುಗಿದರು. ನಮ್ಮ ಬೀರುವಿನಿಂದ ಹೊರಟ ಕಣ ಎರಡು ಮನೆ ಸುತ್ತಿ ನಮ್ಮ ಬೀರುವಿಗೇ ಬಂದಿತ್ತು. ಮೊದಲು ನಕ್ಕವರು ಅತ್ತೆಯೇ. ಬೆವರಿಗೆ ಬಣ್ಣ ಬಿಟ್ಟು ನನ್ನ ಬೆನ್ನು ಎರಡು ದಿನ ಹಸಿರಾಗಿತ್ತು, ಆದರೂ ಊಟ ಮುಗಿಯುವವರೆಗೆ ಆ ರವಿಕೆಯಲ್ಲೇ ಕುಳಿತಿದ್ದೆ.

ಅಂದಿನಿಂದ ಬೀದಿಯವರು ನನಗೆ ಒಳ್ಳೆಯ ಬಟ್ಟೆಯನ್ನೇ ಕೊಡುತ್ತಾರೆ. "ಇವ್ಳು ಒಲಿಸ್ಕತಾಳೆ ಕಣ್ರವ್ವ, ಗಟ್ಟಿಯಾಗಿರಾದ್ನೇ ಕೊಡಿ" ಎಂದು ಪುಟ್ಟತಾಯಮ್ಮ ಎಲ್ಲರಿಗೂ ಹೇಳಿದ್ದಾರೆ. ಗೆದ್ದೆನೆಂದು ನಾನೂ ಬೀಗುತ್ತಿದ್ದೆ. ಮೊನ್ನೆ ಬಿಂಡಿಗನವಿಲೆಯಿಂದ ಅತ್ತೆಯ ತಂಗಿ ಬಂದಿದ್ದರು. ಅವರು ಹೊರಟಾಗ ನಾನೇ ಒಳಗೆ ಹೋಗಿ, ಒಳ್ಳೆಯ ಕಣಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ತೆಳ್ಳಗಿನದೊಂದನ್ನು ಆರಿಸುತ್ತಿದ್ದೆ. ಬೆನ್ನ ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅದು ಬ್ಯಾಡ ಕಣವ್ವ" ಎಂದು ಮೆಲ್ಲಗೆ ಹೇಳಿದರು. "ಅಡೀಲಿ ಇನ್ನೂ ತೆಳ್ಳಗಿರಾದು ಅದೆ, ನೋಡು."