ಜಿನೀವಾ ಸರೋವರದ ದಂಡೆಯಲ್ಲಿ ಮಾಮಾನ ಜಗಳ

ಜಗಳವಾಡಲು ಮುಂಬೈ ಸಾಲದೆ ಸ್ವಿಟ್ಜರ್ಲೆಂಡಿಗೂ ಹೋಗಿ ಜಗಳವಾಡಿ ಬಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ!

ಧಾರವಾಡ ಬಿಟ್ಟು ಮುಂಬೈಯ ವಡಾಲದಲ್ಲಿ ನೆಲೆಸಿದವರು. ನೌಕರಿಯಿಂದ ನಿವೃತ್ತರಾದರು, ಸಿಟ್ಟಿನಿಂದ ಆಗಲಿಲ್ಲ. ಈ ವರ್ಷ ಇದ್ದಕ್ಕಿದ್ದಂತೆ, ಮಾಮಿಯನ್ನು ಕರೆದುಕೊಂಡು ಆ ದೇಶದ ಫ್ರೆಂಚ್ ಮಾತಾಡುವ ಸೀಮೆ ನೋಡಬೇಕೆಂದು ಹಟ ಹಿಡಿದರು. ಮಾಮಿಯ ಕೈಹಿಡಿದು ನಡೆಸಲು ಒಬ್ಬರು ಬೇಕಂತೆ. ಅದೇ ಮುಂಬೈಯ ಕಾಂದಿವಲಿಯಲ್ಲಿ ತಣ್ಣಗಿದ್ದ ನಾನು ಸಿಕ್ಕಿಬಿದ್ದೆ.

ಜಿನೀವಾದಲ್ಲಿ ಸರೋವರದಿಂದ ಮುಗಿಲಿಗೆ ಚಿಮ್ಮುವ ಕಾರಂಜಿ. ಜಗತ್ತೇ ಬಾಯಿ ತೆರೆದು ನೋಡುತ್ತದೆ. ಮಾಮಾ ಬಾಯಿ ತೆರೆದದ್ದು ಬಯ್ಯಲು.

"ಬಂದ್ ಮಾಡ್ರಿ ಅದನ್ನ! ನಮ್ಮ ಬಿಲ್ಡಿಂಗ್‌ನಾಗ ನೀರ ಬರ್ಲಿಲ್ಲಂದ್ರ ಟ್ಯಾಂಕರ್ ದಾರಿ ಕಾಯ್ತೀವಿ. ಇವರು ನೋಡಿದ್ರ ಆಕಾಶಕ್ಕ ಚೆಲ್ಲಾಕತ್ತಾರ!"

ಗುಡ್ಡದ ಮೇಲಿನ ಗ್ರುಯೇರ್ ಎಂಬ ಮುದ್ದಾದ ಊರು ಚೀಸಿಗೆ ಹೆಸರುವಾಸಿ. ಕುದಿಯುವ ಚೀಸಿನಲ್ಲಿ ಬ್ರೆಡ್ಡಿನ ತುಂಡು ಅದ್ದಿ ತಿನ್ನಬೇಕು. "ಬ್ರೆಡ್ಡ ಯಾಕ? ನನಗೇನ್ ಜ್ವರ ಬಂದಾವೇನು?" ಎಂದು ಮಾಮಾ ಮೇಜು ಗುದ್ದಿದರು. ಬಡಿಸುವವಳು ಬೆಚ್ಚಿ, ಏನಂದಿರಿ ಎಂಬಂತೆ ಫ್ರೆಂಚಿನಲ್ಲಿ "ಪಾರ್ದೋಂ?" ಎಂದಳು.

"ಪರ್ದಾ ಯಾಕ ಬೇಕು? ಎಲ್ಲಾರ ಮುಂದನ ಹೇಳ್ತೀನಿ!"

ನಾನು ಮೇಜಿನ ಕೆಳಗೆ ಜಾಗ ಹುಡುಕಿದೆ.

ಶಿಯೋಂ ಕೋಟೆಯಲ್ಲಿ ಸೆರೆಮನೆ ತೋರಿಸಿದರು. ಕಿಟಕಿಯಾಚೆ ಸರೋವರ. ಮಾಮಾ ಕೆರಳಿದರು. "ಕೈದಿಗೆ ಇಂಥಾ ಖೋಲಿ! ಬಾಂದ್ರಾದಾಗ ಸಿನಿಮಾದವರಿಗೂ ಸಿಗಂಗಿಲ್ಲ!"

ಕೊನೆಗೆ ಅದೇ ಸರೋವರದ ದಂಡೆಯ ಮೊಂತ್ರೊ ಪಟ್ಟಣ. ದಂಡೆಯುದ್ದಕ್ಕೂ ಹೂವು, ಎದುರಿಗೆ ಬೆಟ್ಟಸಾಲು. ಮಾಮಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಮುಂಬೈಯಿಂದಲೇ ನಮ್ಮ ಪ್ರವಾಸಿ ತಂಡದ ಜೊತೆಗೆ ಬಂದಿದ್ದ ಗೈಡ್ ಚಪ್ಪಾಳೆ ತಟ್ಟಿದ. "ಚಲಿಯೇ ಅಂಕಲ್, ಬಸ್ ನಿಕಲ್ ರಹೀ ಹೈ!"

"ಬಿಟ್ಟ ಹೋಗ್ಲಿ ನಿನ್ನ ಬಸ್! ಆಕಿ ಏಳೂತನಕ ನಾವು ಬರಂಗಿಲ್ಲ!"

ಬಸ್ಸಿನಲ್ಲಿದ್ದವರೆಲ್ಲ ಇಣುಕಿದರು. ಅಷ್ಟು ದಿನ ನುಂಗಿಕೊಂಡದ್ದೆಲ್ಲ ನನ್ನ ಬಾಯಿಗೆ ಬಂತು. ಮಾಮಾನನ್ನು ಪಕ್ಕಕ್ಕೆ ಎಳೆದೆ. "ಸಾಕ್ರಿ ಮಾಮಾ! ಒಂದ್ ಜಾಗಾನರ ಸುಮ್ಮನ ನೋಡಾಕ ಬಿಡ್ರಿ. ಇಷ್ಟ ಸಿಟ್ಟಿದ್ರ ಯಾಕ ಬಂದ್ರಿ?"

ಮಾಮಾ ಬೆಂಚಿನ ಕಡೆ ಒಮ್ಮೆ ತಿರುಗಿ ನೋಡಿದರು.

"ಆಕಿ ಕಣ್ಣು ಹೊಂಟಾವಪಾ," ಎಂದರು ಮೆಲ್ಲಗೆ. "ದಿನಾ ಅಷ್ಟಷ್ಟ ಮಂಜಾಗಾಕತ್ತಾವ. ಔಷಧ ಇಲ್ಲಂತ. ಕಾಣೂದ್ರೊಳಗ ಹಿಮದ ಬೆಟ್ಟ, ದೊಡ್ಡ ಕೆರಿ ಎರಡೂ ಒಂದ ಕಡೆ ನೋಡಬೇಕು ಅಂದ್ಲು... ಯಾರ ಮ್ಯಾಲ ಸಿಟ್ಟ ಮಾಡ್ಲಿ, ಹೇಳು?"

ಮಾಮಾ ಹೋಗಿ ಮಾಮಿಯ ಪಕ್ಕದಲ್ಲಿ ಕೂತರು. ಮಾಮಿಯ ಕನ್ನಡಕ ತೆಗೆದು, ತಮ್ಮ ಅಂಗಿಯ ತುದಿಯಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಮೆತ್ತಗೆ ಇಟ್ಟರು.

"ಆ ಬೆಳ್ಳಗಿರೂದು ಹಿಮಾನೋ, ಮೋಡಾನೋ?" ಮಾಮಿ ಕೇಳಿದರು.

"ನಿಂದ್ರು, ಮೋಡ ಸರೀಲಿ. ನೋಡಿ ಹೇಳೂಣು."

ಗೈಡ್ ಮತ್ತೆ ಗಡಿಯಾರ ತೋರಿಸುತ್ತ ಬಂದ. ಈ ಸಲ ಅವನಿಗೆ ಅಡ್ಡ ನಿಂತು, ಇಡೀ ಮೊಂತ್ರೊ ತಿರುಗಿ ನೋಡುವಂತೆ ಜಗಳ ತೆಗೆದದ್ದು ನಾನು!